ಮೊದಲು ಮನೆಯ ಪ್ಲಗ್, ಆಮೇಲೆ ಕಾರಿನ ಬುಕಿಂಗ್

ಓದುಗರ ಪ್ರಶ್ನೆಗೆ ಉತ್ತರ

ಹೈಬ್ರಿಡ್ ಕಾರು (ಎಂಜಿನ್ನಿನ ಜೊತೆ ಸಣ್ಣ ಬ್ಯಾಟರಿ, ಮೋಟರ್ ಇರುವುದು) ಬಿಟ್ಟು ಇವಿ (ಪೂರ್ತಿ ಬ್ಯಾಟರಿಯಿಂದಲೇ ಓಡುವ ಕಾರು) ಕೊಳ್ಳುವ ಯೋಚನೆಯಲ್ಲಿರುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬರೆದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಬಹುತೇಕ ಪತ್ರಗಳಲ್ಲಿ ‘ಯಾವ ಕಾರು ತಗೊಳ್ಳಲಿ?’ ಎಂಬ ಪ್ರಶ್ನೆಯೇ ಮೊದಲು ಬಂದಿದೆ. ನಾವು ಮೊದಲು ನೋಡಿದ್ದು ನಿಮ್ಮ ಮನೆಯ ಮೀಟರ್ ಬೋರ್ಡ್.

*

ಮೂರು ವರ್ಷದ ಸ್ಟ್ರಾಂಗ್ ಹೈಬ್ರಿಡ್ (ಮೋಟರಿನಿಂದಲೇ ಸ್ವಲ್ಪ ದೂರ ಓಡಬಲ್ಲದ್ದು) ಎಸ್‌ಯುವಿ ಇದೆ. ತಿಂಗಳಿಗೆ 1,200 ಕಿ.ಮೀ. ಓಡುತ್ತದೆ, ಲೀಟರಿಗೆ 20 ಕಿ.ಮೀ. ಕೊಡುತ್ತದೆ. ಮನೆಯಲ್ಲಿ 130 ಯೂನಿಟ್ ಖರ್ಚು, ಗೃಹಜ್ಯೋತಿಯಿಂದಾಗಿ ಬಿಲ್ ಸೊನ್ನೆ. ಇವಿ ಕೊಂಡರೆ ನಿಜವಾಗಿ ಎಷ್ಟು ಉಳಿಯುತ್ತದೆ?
— ಟಿಳಕವಾಡಿ, ಬೆಳಗಾವಿ

ಶೋರೂಮಿನಲ್ಲಿ ಹೇಳುವಷ್ಟು ಉಳಿಯುವುದಿಲ್ಲ. ಲೆಕ್ಕ ಹಾಕೋಣ. 1,200 ಕಿ.ಮೀ.ಗೆ ನಿಮ್ಮ ಕಾರು 60 ಲೀಟರ್ ಕುಡಿಯುತ್ತದೆ. ಪೆಟ್ರೋಲಿಗೆ 103 ರೂಪಾಯಿ ಹಿಡಿದರೆ 6,180 ರೂ. ಆಯಿತು. ಅದೇ ಗಾತ್ರದ ಇವಿ 100 ಕಿ.ಮೀ.ಗೆ ಬ್ಯಾಟರಿಯಿಂದ ಸುಮಾರು 15 ಯೂನಿಟ್ ತೆಗೆದುಕೊಳ್ಳುತ್ತದೆ. (ಕಾರಿನ ಕಂಪನಿಯವರು ಕಿಲೋವ್ಯಾಟ್ ಅವರ್ ಎನ್ನುವುದೂ ನಿಮ್ಮ ಮೀಟರಿನ ಯೂನಿಟ್ಟೂ ಒಂದೇ.) ಚಾರ್ಜ್ ಮಾಡುವಾಗ ನೂರಕ್ಕೆ ಹತ್ತು ಹನ್ನೆರಡು ಪಾಲು ಶಾಖವಾಗಿ ಹೋಗುವುದರಿಂದ ಮೀಟರಿನಲ್ಲಿ 17 ಓಡುತ್ತದೆ. ತಿಂಗಳಿಗೆ 204 ಯೂನಿಟ್. ಇಂಧನ ಹೊಂದಾಣಿಕೆ, ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1,428 ರೂ. ಶೋರೂಮಿನವರು ತೋರಿಸುವುದು ಈ ಅಂಕಿಯನ್ನು.

ಗೃಹಜ್ಯೋತಿಯ ನಿಯಮ ಇಲ್ಲಿ ಅಡ್ಡ ಬರುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು. ಮನೆಯ 130, ಕಾರಿನ 204 ಸೇರಿ 334 ಯೂನಿಟ್, ಅಂದರೆ 2,338 ರೂ. ಇವತ್ತು ನೀವು ಸೊನ್ನೆ ಕಟ್ಟುತ್ತಿರುವುದರಿಂದ ಈ ಪೂರ್ತಿ ಮೊತ್ತವೇ ಇವಿಯ ಖರ್ಚು. ಉಳಿತಾಯ ತಿಂಗಳಿಗೆ 3,842, ವರ್ಷಕ್ಕೆ ಸುಮಾರು 46,000 ರೂಪಾಯಿ. ಹೈಬ್ರಿಡ್ ಮಾರಿ ಕೈಯಿಂದ ಎಂಟು ಲಕ್ಷ ಸೇರಿಸಬೇಕಾಗಿ ಬಂದರೆ ಆ ಹಣ ವಾಪಸ್ ಬರಲು 17 ವರ್ಷ ಬೇಕು. ಹಣದ ಲೆಕ್ಕ ಒಂದನ್ನೇ ನೋಡಿದರೆ ಮೂರು ವರ್ಷದ ಒಳ್ಳೆಯ ಹೈಬ್ರಿಡ್ ಬಿಟ್ಟುಕೊಡುವುದು ದಂಡ. ಇಟ್ಟುಕೊಳ್ಳಿ.

ತಿಂಗಳಿಗೆ 2,500 ಕಿ.ಮೀ. ಓಡಿಸುವವರ ಮಾತು ಬೇರೆ. ಅವರಿಗೆ ಪೆಟ್ರೋಲಿಗೆ 12,875 ರೂ. ಹೋಗುತ್ತದೆ. ಇದೇ ಮನೆ, ಇದೇ ಮೀಟರ್ ಎಂದುಕೊಂಡರೆ ಬಿಲ್ 3,885 ರೂ. ವರ್ಷಕ್ಕೆ ಲಕ್ಷ ರೂಪಾಯಿಗೂ ಮೇಲೆ ಉಳಿಯುತ್ತದೆ. ಆದರೆ ಇವರು ಇನ್ನೊಂದನ್ನು ನೋಡಿಕೊಳ್ಳಬೇಕು. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ವರ್ಷಕ್ಕೆ 30,000 ಕಿ.ಮೀ. ಓಡಿದರೆ ಐದೂಕಾಲು ವರ್ಷಕ್ಕೇ ವಾರಂಟಿ ಮುಗಿಯುತ್ತದೆ. ಇಂಥವರು ಕಿ.ಮೀ. ಮಿತಿ ಹೆಚ್ಚಿರುವ ಅಥವಾ ಮಿತಿಯೇ ಇಲ್ಲದ ವಾರಂಟಿಯ ಮಾಡೆಲ್ಲನ್ನೇ ನೋಡಬೇಕು.

ಹಳೆಯ ಕಾರು ಹೇಗೂ ಬದಲಿಸುವ ಕಾಲ ಬಂದಿದೆ ಎನ್ನುವವರು ಹೊಸ ಹೈಬ್ರಿಡ್ಡನ್ನೂ ಹೊಸ ಇವಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇವಿಗೆ ಜಿಎಸ್‌ಟಿ ಶೇ 5. ನಾಲ್ಕು ಮೀಟರಿಗಿಂತ ಉದ್ದದ ಅಥವಾ 1,200 ಸಿಸಿಗಿಂತ ದೊಡ್ಡ ಎಂಜಿನ್ನಿನ ಪೆಟ್ರೋಲ್ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಇಲ್ಲಿಗೆ ತಕ್ಕಡಿ ಇವಿ ಕಡೆ ವಾಲುತ್ತದೆ.

ತಾರಸಿಯಲ್ಲಿ ಜಾಗವಿದ್ದರೆ ಪಿಎಂ ಸೂರ್ಯಘರ್ ಯೋಜನೆಯ 3 ಕಿಲೋವ್ಯಾಟ್ ಸೋಲಾರ್‌ಗೆ 78,000 ರೂ. ಕೇಂದ್ರದ ಸಹಾಯಧನ ಇದೆ. ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 11–12 ಯೂನಿಟ್ ಬರುತ್ತದೆ, ನಿಮ್ಮ ಮನೆ ಮತ್ತು ಕಾರು ಎರಡಕ್ಕೂ ಹೆಚ್ಚುಕಡಿಮೆ ಸಾಕು. ನೆಟ್ ಮೀಟರ್ ಹಾಕಿಸಿದರೆ ಹಗಲು ಕೊಟ್ಟ ಯೂನಿಟ್ಟು ರಾತ್ರಿ ತೆಗೆದುಕೊಂಡದ್ದಕ್ಕೆ ವಜಾ ಆಗುತ್ತದೆ. ಕಾರನ್ನು ಹಗಲೇ ಚಾರ್ಜ್ ಮಾಡಬೇಕೆಂದೇನೂ ಇಲ್ಲ.

*

ಗೀಜರ್ ಪ್ಲಗ್ ಸಾಕು, ಬೇರೆ ವೈರಿಂಗ್ ಬೇಡ ಎಂದು ನಮ್ಮ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಕಂಪನಿಯವರು 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ? ದಿನಕ್ಕೆ 40 ಕಿ.ಮೀ. ಓಡಾಟ.
— ನವನಗರ, ಬಾಗಲಕೋಟೆ

ಇಬ್ಬರ ಮಾತೂ ಬೇಡ. 40 ಕಿ.ಮೀ.ಗೆ ಮೀಟರಿನಲ್ಲಿ 7 ಯೂನಿಟ್ ಓಡುತ್ತದೆ. ಕಾರಿನ ಜೊತೆ ಬರುವ 15 ಆಂಪ್‌ನ ಪೋರ್ಟಬಲ್ ಚಾರ್ಜರ್ ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ರಾತ್ರಿ ಹಚ್ಚಿ ಮಲಗಿದರೆ ಆಯಿತು. ಹಾಗಾಗಿ 7.2ರ ಅಗತ್ಯ ನಿಮಗಿಲ್ಲ. ಆದರೆ ಗೀಜರ್ ಪ್ಲಗ್ಗಿಗೆ ಹಚ್ಚುವಂತಿಲ್ಲ.

ಕಾರಣ ಸರಳ. ಗೀಜರ್ 9 ಆಂಪ್ ಎಳೆಯುತ್ತದೆ, ಇಪ್ಪತ್ತು ನಿಮಿಷಕ್ಕೆ ಥರ್ಮೋಸ್ಟ್ಯಾಟ್ ಕಟ್ ಮಾಡುತ್ತದೆ. ಕಾರು 13–15 ಆಂಪ್ ಎಳೆಯುತ್ತದೆ. ಊರಿಗೆ ಹೋಗಿ ಬಂದು ಬ್ಯಾಟರಿ ಖಾಲಿಯಾದ ದಿನ ಹತ್ತು ತಾಸು ಬಿಡದೇ ಎಳೆಯುತ್ತದೆ. ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿ ಬಿಸಿಯಾಗಿ ಸಡಿಲವಾಗುತ್ತದೆ, ಸಡಿಲವಾದದ್ದು ಮತ್ತಷ್ಟು ಬಿಸಿಯಾಗುತ್ತದೆ. ಮೊದಲು ಪಿನ್ನಿನ ಸುತ್ತ ಕಂದು ಕಲೆ, ಆಮೇಲೆ ಸುಟ್ಟ ವಾಸನೆ, ಒಂದು ಬೆಳಿಗ್ಗೆ ನೋಡಿದರೆ ಪ್ಲಗ್ ಸಾಕೆಟ್ಟಿಗೆ ಕರಗಿ ಅಂಟಿಕೊಂಡಿರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಆದರೆ ಇಷ್ಟಾಗಲು ವರ್ಷ ಬೇಕಿಲ್ಲ, ವಾರ ಸಾಕು.

ಮಾಡಿಸಬೇಕಾದದ್ದು: ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್ (ಫೇಸ್, ನ್ಯೂಟ್ರಲ್, ಅರ್ಥ್ ಮೂರೂ), 20 ಆಂಪ್‌ನ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಅದಕ್ಕೇ ಮೀಸಲಾದ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು), ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಬಿಗಿ ಹಿಡಿತದ 16 ಆಂಪ್ ಸಾಕೆಟ್. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇರುವಲ್ಲಿ ಫ್ರಿಜ್, ಬೋರ್‌ವೆಲ್ ಮೋಟರ್, ಕಾರು ಎಲ್ಲದರ ಸಣ್ಣಪುಟ್ಟ ಸೋರಿಕೆ ಕೂಡಿ ನಡುರಾತ್ರಿ ಟ್ರಿಪ್ ಆಗುತ್ತದೆ. ಆಗ ‘ಕಾರಿಂದು ದೋಷ’ ಎಂದು ಸರ್ವಿಸ್ ಸೆಂಟರಿಗೆ ಓಡುವವರಿದ್ದಾರೆ.

ಮುಂದೆ 7.2 ಬೇಕೇ ಬೇಕು ಎನಿಸಿದರೆ 32 ಆಂಪ್ ಓಡುತ್ತದೆ ಎಂದು ತಿಳಿದಿರಲಿ. 30 ಮೀಟರ್ ದೂರದವರೆಗೆ 6 ಚದರ ಮಿ.ಮೀ. ತಾಮ್ರ, ಅದರಾಚೆ 10. ಎಂಸಿಬಿ 40 ಆಂಪ್. ಚಾರ್ಜರಿನೊಳಗೇ 6 ಮಿಲಿಆಂಪ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದರೆ ಎ ಟೈಪ್ ಆರ್‌ಸಿಸಿಬಿ ಸಾಕು, ಇಲ್ಲದಿದ್ದರೆ ಬಿ ಟೈಪ್. ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ಎಸಿ ಟೈಪ್ ಡಿಸಿ ಸೋರಿಕೆಯ ಮುಂದೆ ಕುರುಡು. ಬೇಕಾದ ಹೊತ್ತಿಗೆ ಟ್ರಿಪ್ಪೇ ಆಗದಿರಬಹುದು.

ಅರ್ಥಿಂಗ್ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಹೈಬ್ರಿಡ್‌ಗೆ ಪ್ಲಗ್ಗೇ ಇಲ್ಲ, ಆದ್ದರಿಂದ ಇಷ್ಟು ವರ್ಷ ನಿಮ್ಮ ಮನೆಯ ಅರ್ಥ್ ಸರಿಯಿದೆಯೋ ಇಲ್ಲವೋ ಯಾರೂ ಕೇಳಿರಲಿಲ್ಲ. ಇವಿ ಚಾರ್ಜರ್ ಮೊದಲ ದಿನವೇ ಕೇಳುತ್ತದೆ. ಅರ್ಥ್ ಇಲ್ಲದಿದ್ದರೆ ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತದೆ. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್ 230 ಇದ್ದರೆ ಫೇಸ್–ಅರ್ಥ್ ಕೂಡ ಅದರ ಹತ್ತಿರವೇ ಇರಬೇಕು. ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟ್ ಮೀರಬಾರದು. ಇದನ್ನು ಮನೆಯಲ್ಲಿ ಗೀಜರ್, ಇಸ್ತ್ರಿ ಹಚ್ಚಿಟ್ಟುಕೊಂಡೇ ನೋಡಬೇಕು. ಲೋಡ್ ಇಲ್ಲದಾಗ ಎಲ್ಲರ ಮನೆಯದ್ದೂ ಚೆನ್ನಾಗಿಯೇ ಕಾಣುತ್ತದೆ.

ನಿಮ್ಮ ಕಡೆಯ ಎರೆ ಮಣ್ಣು ಹಸಿಯಿದ್ದಾಗ ಅರ್ಥಿಂಗ್‌ಗೆ ಬಲು ಒಳ್ಳೆಯದು. ಏಪ್ರಿಲ್ ಬಂತೆಂದರೆ ಅದೇ ಮಣ್ಣು ಬಿರುಕುಬಿಟ್ಟು ರಾಡಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಚಾರ್ಜರ್ ಬೇಸಿಗೆಯಲ್ಲಿ ‘ಅರ್ಥ್ ಫಾಲ್ಟ್’ ಎನ್ನುವುದು ಇದಕ್ಕೇ. ಮೂರು ಮೀಟರ್ ಆಳದ ರಾಡ್, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ಮಿಶ್ರಣ, ಪಿಟ್ಟಿನ ಬಾಯಿಗೆ ಮುಚ್ಚಳ, ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು. ರೆಸಿಸ್ಟೆನ್ಸ್ 5 ಓಮ್‌ಗಿಂತ ಕಡಿಮೆ ಬರಲಿ. ಬೆಳಗಾವಿಯ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಒಂದೇ ಪಿಟ್ಟಿನಿಂದ ಇಷ್ಟು ಬರುವುದು ಕಷ್ಟ. ಅಲ್ಲಿ ಮೂರು ಮೀಟರ್ ಅಂತರದಲ್ಲಿ ಎರಡನೆಯದನ್ನು ತೋಡಿ ಎರಡನ್ನೂ ಜೋಡಿಸಬೇಕಾದೀತು.

ಒಂದು ಕಳ್ಳದಾರಿಗೆ ಮಾತ್ರ ಒಪ್ಪಬೇಡಿ. ಚಾರ್ಜರ್ ಕೆಂಪು ತೋರಿಸಿದ ಕೂಡಲೇ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರ್ ಜೋಡಿಸಿ ‘ಆತ್ರೀ ಸಾಹೇಬ್ರ’ ಎನ್ನುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಹಸಿರು ದೀಪ ಬರುತ್ತದೆ ನಿಜ. ಎಂದಾದರೂ ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ.

ಕೊನೆಗೆ ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 1 ಅಥವಾ 2 ಕಿಲೋವ್ಯಾಟ್ ಇದ್ದರೆ ಶಾಖಾ ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳ ನಿಗದಿತ ಶುಲ್ಕ ಏರುತ್ತದೆ. ಹಾಗೆಯೇ ಕಂಬದಿಂದ ಮೀಟರಿಗೆ ಬಂದ ಅಲ್ಯೂಮಿನಿಯಂ ಸರ್ವಿಸ್ ವೈರನ್ನೂ ನೋಡಿಸಿ. ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಅದೇ ಮೊದಲು ಸುಡುವುದು. ಎಲ್ಲ ಆದ ಮೇಲೆ ಮೊದಲ ರಾತ್ರಿ ಒಂದು ತಾಸು ಚಾರ್ಜ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆಗಲೇ ನಿಲ್ಲಿಸಿ.

*

ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ. ಪಾರ್ಕಿಂಗ್ ನೆಲಮಹಡಿಯಲ್ಲಿ. ಮೇಲಿನಿಂದ ವೈರ್ ಇಳಿಸಬಹುದೇ?
— ಹನುಮಾನ್ ನಗರ, ಬೆಳಗಾವಿ

ಇಳಿಸಬೇಕಾಗಿಯೇ ಇಲ್ಲ. ನಿಮ್ಮ ಮೀಟರ್ ಇರುವುದು ಕೆಳಗಿನ ಪ್ಯಾನೆಲ್‌ನಲ್ಲಿ. ಮೀಟರಿನ ನಂತರ ಅಲ್ಲಿಯೇ ಒಂದು ಎಂಸಿಬಿ ಹಾಕಿ ಪಾರ್ಕಿಂಗ್ ಜಾಗಕ್ಕೆ ಪೈಪಿನಲ್ಲಿ ಲೈನ್ ಎಳೆಸಿ. ಯೂನಿಟ್ ನಿಮ್ಮ ಬಿಲ್ಲಿಗೇ ಸೇರುತ್ತದೆ, ಸಂಘದವರಿಗೆ ತಕರಾರಿಗೆ ಜಾಗವಿಲ್ಲ. ಲಿಖಿತ ಒಪ್ಪಿಗೆ ಮಾತ್ರ ಮೊದಲೇ ತೆಗೆದುಕೊಳ್ಳಿ. ಸಾಕೆಟ್‌ಗೆ ಬೀಗದ ಪೆಟ್ಟಿಗೆ ಇರಲಿ, ಇಲ್ಲವಾದರೆ ಪಕ್ಕದವರ ಸ್ಕೂಟರೂ ಅದರಲ್ಲೇ ಚಾರ್ಜ್ ಆಗುತ್ತದೆ.

*

ಹೊಲದಾಗ ಮನಿ ಐತಿ. ಬಾವಿ ಮೋಟರಿನ ತ್ರೀಫೇಸ್ ಲೈನ್ ಮನಿ ಮುಂದನ ಹಾದೈತಿ. ಅದರಿಂದ ಕಾರ್ ಚಾರ್ಜ್ ಮಾಡಿದ್ರ ಬಿಲ್ ಬರೂದಿಲ್ಲಲ್ಲ? ಕರೆಂಟ್ ಇಲ್ದಾಗ ಜನರೇಟರ್ ಹಚ್ಚಬೌದಾ?
— ಜಮಖಂಡಿ ತಾಲ್ಲೂಕು

ಬಿಲ್ ಬರುವುದಿಲ್ಲ, ದಂಡ ಬರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕೊಡುವ ಉಚಿತ ವಿದ್ಯುತ್ತು ನೀರೆತ್ತಲು ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ ಅದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ. ಅನ್ವಯಿಸುವ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ. ಕಾನೂನು ಬದಿಗಿಟ್ಟರೂ ಆ ಲೈನ್ ಕಾರಿಗೆ ಒಗ್ಗುವುದಿಲ್ಲ. ತ್ರೀಫೇಸ್ ಕೊಡುವುದು ದಿನಕ್ಕೆ ಕೆಲವೇ ತಾಸು. ಸುತ್ತಲಿನ ಮೋಟರುಗಳೆಲ್ಲ ಒಮ್ಮೆಲೇ ಚಾಲೂ ಆದಾಗ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಬಂದಾದಾಗ ಜಿಗಿಯುತ್ತದೆ. ಕಾರಿನ ಒಳಗಿನ ಚಾರ್ಜರ್ ತನ್ನನ್ನು ಕಾಪಾಡಿಕೊಳ್ಳಲು ಮತ್ತೆ ಮತ್ತೆ ನಿಲ್ಲುತ್ತದೆ. ಮನೆಯ ಮೀಟರಿನಿಂದಲೇ 15 ಆಂಪ್ ಲೈನ್ ಮಾಡಿಸಿ, ರಾತ್ರಿ 11ರ ಮೇಲೆ ಚಾರ್ಜ್ ಆಗುವಂತೆ ಕಾರಿನಲ್ಲೇ ಟೈಮರ್ ಇಡಿ. ಆಗ ವೋಲ್ಟೇಜ್ ನಿಂತಿರುತ್ತದೆ.

ಜನರೇಟರಿನಿಂದ ಚಾರ್ಜ್ ಮಾಡಬಹುದು, ಆದರೆ ಹಚ್ಚಿದ ತಕ್ಷಣ ಅರ್ಥ್ ಫಾಲ್ಟ್ ತೋರಿಸುತ್ತದೆ. ಸಣ್ಣ ಜನರೇಟರುಗಳ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ. ಬಲ್ಲ ಎಲೆಕ್ಟ್ರಿಷಿಯನ್ ಜನರೇಟರಿನ ಬಳಿಯೇ ನ್ಯೂಟ್ರಲ್ಲನ್ನು ಅರ್ಥ್ ರಾಡಿಗೆ ಕಟ್ಟಬೇಕು. ಮೇಲೆ ಸಾಕೆಟ್ಟಿನ ವಿಷಯದಲ್ಲಿ ಬೇಡವೆಂದ ಜೋಡಣೆಯೇ ಇದು, ಆದರೆ ವಿದ್ಯುತ್ ಹುಟ್ಟುವ ಜಾಗದಲ್ಲಿ ಅದು ಸರಿಯಾದ ಕ್ರಮ. ಕನಿಷ್ಠ 5 ಕೆವಿಎ ಬೇಕು. ಸಣ್ಣ ಪೆಟ್ರೋಲ್ ಜನರೇಟರ್ ಲೀಟರಿಗೆ ಎರಡು ಯೂನಿಟ್ ಕೊಟ್ಟರೆ ಹೆಚ್ಚು. ಅಷ್ಟಕ್ಕೆ ಕಾರು ಹನ್ನೆರಡು ಕಿ.ಮೀ. ಓಡೀತು. ನಿಮ್ಮ ಹಳೆಯ ಹೈಬ್ರಿಡ್ ಅದೇ ಲೀಟರಿಗೆ ಇಪ್ಪತ್ತು ಓಡುತ್ತಿತ್ತು!

*

ನಮ್ಮ ಊರಿನ ಬಿಸಿಲಿಗೆ ಬ್ಯಾಟರಿ ತಾಳುತ್ತದೆಯೇ? ಎಸಿ ಹಾಕಿದರೆ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಅರ್ಧವಾಗುತ್ತದೆ ಎನ್ನುತ್ತಾರಲ್ಲ?
— ಜಲನಗರ, ವಿಜಯಪುರ

ತಾಳುತ್ತದೆ, ಆದರೆ ಹೈಬ್ರಿಡ್‌ಗೆ ಬೇಡವಾಗಿದ್ದ ಒಂದೆರಡು ಶಿಸ್ತು ಬೇಕು. ಹೈಬ್ರಿಡ್‌ನ ಬ್ಯಾಟರಿ ಒಂದು ಯೂನಿಟ್ಟಿನ ಆಸುಪಾಸಿನದು. ಹೆಚ್ಚಿನವಕ್ಕೆ ಕ್ಯಾಬಿನ್ನಿನ ಗಾಳಿಯೇ ತಂಪು. ಅದನ್ನು ಕಂಪ್ಯೂಟರ್ ಸದಾ ಅರ್ಧದ ಸುತ್ತಮುತ್ತ ಇಟ್ಟಿರುತ್ತದೆ, ನಿಮಗೆ ಆಯ್ಕೆಯೇ ಇರಲಿಲ್ಲ. ಇವಿಯಲ್ಲಿ ಎಷ್ಟು ತುಂಬಬೇಕೆನ್ನುವುದು ನಿಮ್ಮ ಕೈಯಲ್ಲಿದೆ. ಬ್ಯಾಟರಿಯನ್ನು ಮುದಿ ಮಾಡುವುದು ಬಿಸಿಯೊಂದೇ ಅಲ್ಲ, ಪೂರ್ತಿ ತುಂಬಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು.

ಕೋಶಗಳು ಯಾವ ಜಾತಿಯವು ಎಂದು ಕೇಳಿಕೊಳ್ಳಿ. ನಿಕಲ್–ಮ್ಯಾಂಗನೀಸ್–ಕೋಬಾಲ್ಟ್ ಕೋಶಗಳಾದರೆ (ಹುಂಡೈ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಇರುವಂಥವು) ದಿನನಿತ್ಯ ಚಾರ್ಜ್ 80 ಶೇಕಡಾಕ್ಕೆ ನಿಲ್ಲಿಸಿ. ಊರಿಗೆ ಹೊರಡುವ ರಾತ್ರಿ ಮಾತ್ರ 100. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಆದರೆ (ಟಾಟಾ ನೆಕ್ಸಾನ್, ಬಿವೈಡಿ ಆಟೊ 3) ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ವೋಲ್ಟೇಜ್ ನಡುವೆ ಹೆಚ್ಚು ಏರಿಳಿಯದ ಕಾರಣ ಎಷ್ಟು ಉಳಿದಿದೆ ಎಂಬ ಅಂದಾಜು ಕಂಪ್ಯೂಟರಿಗೆ ತಪ್ಪುತ್ತಾ ಹೋಗುತ್ತದೆ. ಕಂಪನಿ ಹೇಳಿದಂತೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನಿಧಾನ ಚಾರ್ಜರಿನಲ್ಲಿ 100 ಮುಟ್ಟಿಸಬೇಕು. ಹಾಗೆ ಮಾಡದವರ ಕಾರು 12 ಶೇಕಡಾ ತೋರಿಸುತ್ತಲೇ ರಸ್ತೆಯಲ್ಲಿ ನಿಲ್ಲುವುದುಂಟು. ಬ್ಯಾಟರಿಗೆ ದ್ರವದ ತಂಪು ಇಲ್ಲದ ಮಾಡೆಲ್ ನಿಮ್ಮ ಊರಿಗೆ ಬೇಡ.

ಎಸಿಯ ಮಾತು ಅರ್ಧ ನಿಜ. ಒಮ್ಮೆ ತಂಪಾದ ಮೇಲೆ ಎಸಿ ಗಂಟೆಗೆ 1ರಿಂದ 1.5 ಯೂನಿಟ್ ತಿನ್ನುತ್ತದೆ. ಅದು ತಿನ್ನುವುದು ಗಂಟೆಯ ಲೆಕ್ಕಕ್ಕೆ, ಕಿಲೋಮೀಟರಿನ ಲೆಕ್ಕಕ್ಕಲ್ಲ. ಸೊಲ್ಲಾಪುರ ರಸ್ತೆಯಲ್ಲಿ 80ರ ವೇಗದಲ್ಲಿ ಹೋದರೆ 100 ಕಿ.ಮೀ.ಗೆ ಹೆಚ್ಚೆಂದರೆ 2 ಯೂನಿಟ್. ಗಾಂಧಿ ಚೌಕದ ಸುತ್ತ 20ರ ವೇಗದಲ್ಲಿ ತೆವಳಿದರೆ ಅದೇ 100 ಕಿ.ಮೀ.ಗೆ 5ರಿಂದ 7.5 ಯೂನಿಟ್. ಹೊರಡುವ ಹತ್ತು ನಿಮಿಷ ಮೊದಲು, ಪ್ಲಗ್ ಹಚ್ಚಿರುವಾಗಲೇ, ಮೊಬೈಲಿನಿಂದ ಎಸಿ ಚಾಲೂ ಮಾಡಿ. ಮೊದಲ ದೊಡ್ಡ ತುತ್ತು ಮನೆಯ ಮೀಟರಿನಿಂದ ಹೋಗುತ್ತದೆ.

ಇನ್ನು ಮೇ ತಿಂಗಳ ಮಧ್ಯಾಹ್ನ ನೂರು ಕಿ.ಮೀ. ಜೋರಾಗಿ ಓಡಿಸಿ ಬಂದು ಫಾಸ್ಟ್ ಚಾರ್ಜರಿಗೆ ಹಚ್ಚಿದರೆ ಕಾರು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ, ಫ್ಯಾನ್ ಜೋರಾಗಿ ಅರಚುತ್ತದೆ. ಅದು ಕೆಟ್ಟದ್ದಲ್ಲ. ನೆರಳಿರುವ ಚಾರ್ಜರ್ ಆರಿಸಿಕೊಳ್ಳಿ, ಅಥವಾ ಬೆಳಗಿನ ಜಾವ ಹೊರಡಿ.

*

ತಿಂಗಳಿಗೆರಡು ಸಲ ಚೋರ್ಲಾ ಘಾಟಿನಿಂದ ಗೋವಾಕ್ಕೆ ಹೋಗುತ್ತೇವೆ. ಘಾಟಿನಲ್ಲಿ ಬ್ಯಾಟರಿ ಏನಾಗುತ್ತದೆ?
— ಖಾನಾಪುರ ರಸ್ತೆ, ಬೆಳಗಾವಿ

ಹೈಬ್ರಿಡ್‌ನಲ್ಲಿ ಘಾಟಿ ಇಳಿಯುವಾಗ ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿ ಗುಡುಗಲು ಶುರು ಮಾಡುತ್ತದೆ, ಗಮನಿಸಿರಬಹುದು. ಅದರ ಪುಟ್ಟ ಬ್ಯಾಟರಿ ಇನ್ನೂರು ಮೀಟರ್ ಎತ್ತರ ಇಳಿಯುವಷ್ಟರಲ್ಲಿ ತುಂಬಿಹೋಗುತ್ತದೆ, ಮುಂದಿನದನ್ನು ಎಂಜಿನ್ ಬ್ರೇಕ್ ಹಿಡಿಯಬೇಕು. ಇವಿಯಲ್ಲಿ ಆ ಗದ್ದಲವಿಲ್ಲ. ಜನ ಸಾಮಾನು ಸೇರಿ 1,700 ಕೆ.ಜಿ. ತೂಕದ ಕಾರು 700 ಮೀಟರ್ ಇಳಿದರೆ ಲೆಕ್ಕಕ್ಕೆ 3.2 ಯೂನಿಟ್. ಮೋಟರೇ ಬ್ರೇಕಿನಂತೆ ಹಿಡಿದು ವಿದ್ಯುತ್ ಹುಟ್ಟಿಸುವುದರಿಂದ ಅದರಲ್ಲಿ ಎರಡು ಯೂನಿಟ್ಟಿನಷ್ಟು ಬ್ಯಾಟರಿಗೆ ವಾಪಸ್ ಬರುತ್ತದೆ. ಬೆಳಗಾವಿಯಿಂದ 100 ಶೇಕಡಾ ತುಂಬಿಕೊಂಡು ಹೊರಟರೂ ಜಾಂಬೋಟಿ, ಕಣಕುಂಬಿ ದಾಟುವಷ್ಟರಲ್ಲಿ ಜಾಗ ಆಗಿರುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಮಾತ್ರ ಈ ಮರುಚಾರ್ಜ್ ಬ್ರೇಕ್ ಹಿಡಿಯುವುದಿಲ್ಲ, ಕಾಲಿನ ಬ್ರೇಕನ್ನೇ ನಂಬಬೇಕಾಗುತ್ತದೆ.

ಎಚ್ಚರಿಕೆ ಬೇಕಿರುವುದು ವಾಪಸ್ ಬರುವಾಗ. ಪಣಜಿಯಿಂದ ಸುಮಾರು 130 ಕಿ.ಮೀ.ಗೆ ಮಾಮೂಲು 20 ಯೂನಿಟ್, ಹತ್ತುವುದಕ್ಕೆ ಇನ್ನೂ 4. ಅಂದರೆ ಸಮತಟ್ಟು ರಸ್ತೆಯ 25 ಕಿ.ಮೀ.ಯಷ್ಟು ರೇಂಜ್ ಘಾಟಿ ನುಂಗುತ್ತದೆ. 45 ಯೂನಿಟ್ ಹಿಡಿಯುವ ಬ್ಯಾಟರಿಯ ಕಾರಾದರೆ ಪಣಜಿ ಬಿಡುವಾಗ 75 ಶೇಕಡಾ ಇರಲಿ. ಘಾಟಿಯ ಬುಡದಲ್ಲಿ ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರ್ ಸಮತಟ್ಟಿನಲ್ಲಿ ಓಡಿಸಿದ್ದರ ಮೇಲೆ ಕಟ್ಟಿದ ಅಂದಾಜು. ಹತ್ತುವಾಗ ಅದು ಸರಸರ ಇಳಿದರೆ ಗಾಬರಿ ಬೇಡ.

*

ಬೆಂಗಳೂರಿಗೆ ಹೈಬ್ರಿಡ್‌ನಲ್ಲಿ ಒಂದೇ ಟ್ಯಾಂಕಿನಲ್ಲಿ ಹೋಗುತ್ತಿದ್ದೆ. 45 ಯೂನಿಟ್ಟಿನ ಇವಿಯಲ್ಲಿ ಎಷ್ಟು ಕಡೆ ನಿಲ್ಲಬೇಕು?
— ಬೆಳಗಾವಿ

ಎರಡು ಕಡೆ. ಜಾಹೀರಾತಿನ ರೇಂಜ್ ಮರೆತು ಹೀಗೆ ಲೆಕ್ಕ ಹಾಕಿ: ದಾರಿಯಲ್ಲಿ 10ರಿಂದ 80 ಶೇಕಡಾ ನಡುವೆಯೇ ಆಟ, ಅಂದರೆ 31 ಯೂನಿಟ್. 90–95ರ ವೇಗದಲ್ಲಿ 100 ಕಿ.ಮೀ.ಗೆ 15 ಯೂನಿಟ್ಟಿನಂತೆ 210 ಕಿ.ಮೀ. ವೇಗ 110 ಆದರೆ ಗಾಳಿಯ ಒತ್ತಡಕ್ಕೆ ಖರ್ಚು 19–20ಕ್ಕೆ ಏರಿ 160ಕ್ಕೆ ಇಳಿಯುತ್ತದೆ. ಜೋರಾಗಿ ಓಡಿಸಿ ಉಳಿಸಿದ ಅರ್ಧ ಗಂಟೆ ಚಾರ್ಜರಿನ ಮುಂದೆ ಹೋಗುತ್ತದೆ. 100 ತುಂಬಿಕೊಂಡು ಹೊರಟು 200 ಕಿ.ಮೀ. ದೂರದ ರಾಣೆಬೆನ್ನೂರಿನ ಆಸುಪಾಸು ಒಂದು, ಹಿರಿಯೂರಿನ ಸುತ್ತ ಇನ್ನೊಂದು. ತಲಾ 40–50 ನಿಮಿಷ. 80 ಆದ ಮೇಲೆ ಕಾಯಬೇಡಿ, ಕೊನೆಯ 20ಕ್ಕೆ ಮೊದಲಿನ 60ರಷ್ಟೇ ಹೊತ್ತು ಹಿಡಿಯುತ್ತದೆ.

60 ಕಿಲೋವ್ಯಾಟ್ ಎಂದು ಬರೆದ ಚಾರ್ಜರಿಗೆ ಎರಡು ಗನ್ (ಕಾರಿಗೆ ಹಚ್ಚುವ ಪ್ಲಗ್) ಇದ್ದು ಪಕ್ಕದಲ್ಲಿ ಇನ್ನೊಂದು ಕಾರಿದ್ದರೆ ನಿಮಗೆ ಸಿಗುವುದು 30. ಆಪ್‌ನಲ್ಲಿ ‘ಲಭ್ಯ’ ಎಂದಿದ್ದರೆ ಸಾಲದು, ಅಂದು ಬೆಳಿಗ್ಗೆ ಅಲ್ಲಿ ಯಾರಾದರೂ ಚಾರ್ಜ್ ಮಾಡಿದ್ದಾರೆಯೇ ನೋಡಿ. 20–30 ಕಿ.ಮೀ. ಮುಂದೆ ಇನ್ನೊಂದು ಇರುವ ಕಡೆಯೇ ಮೊದಲನೆಯದನ್ನು ಆರಿಸಿ. ಎರಡು ಮೂರು ಕಂಪನಿಗಳ ಆಪ್‌ಗೆ ಮನೆಯಲ್ಲಿದ್ದಾಗಲೇ ದುಡ್ಡು ತುಂಬಿಡಿ, ಹೆದ್ದಾರಿಯ ಬದಿ ಒಟಿಪಿ ಬರುವುದೇ ಇಲ್ಲ. ಹೊರಗಿನ ಚಾರ್ಜಿಂಗ್ ಯೂನಿಟ್ಟಿಗೆ 18ರಿಂದ 25 ರೂ. ಆಗುವುದರಿಂದ ಈ ದಾರಿಯಲ್ಲಿ ಹೈಬ್ರಿಡ್‌ಗಿಂತ ದೊಡ್ಡ ಉಳಿತಾಯ ಎಣಿಸಬೇಡಿ.

ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವವರಿಗೆ: ಕೊಲ್ಹಾರ, ಗದ್ದನಕೇರಿ ಕ್ರಾಸ್, ನರಗುಂದ, ನವಲಗುಂದ ದಾರಿಯ ಸುಮಾರು 200 ಕಿ.ಮೀ. 100 ತುಂಬಿಕೊಂಡರೆ ನಿಲ್ಲದೇ ಮುಗಿಯುತ್ತದೆ. ಅದೇ ದಿನ ವಾಪಸ್ ಬರುವುದಿದ್ದರೆ ಹುಬ್ಬಳ್ಳಿಯಲ್ಲಿ ಊಟದ ಹೊತ್ತಿಗೆ ಚಾರ್ಜ್ ಹಚ್ಚಿ. ನಡುದಾರಿಯ ಒಂಟಿ ಚಾರ್ಜರನ್ನು ನಂಬಿ ಹೊರಡಬೇಡಿ.

*

ನನ್ನದು ‘ಸ್ಮಾರ್ಟ್ ಹೈಬ್ರಿಡ್’ ಎರ್ಟಿಗಾ. ಇದಕ್ಕೇ ದೊಡ್ಡ ಬ್ಯಾಟರಿ ಕೂರಿಸಿ ಪ್ಲಗ್ ಹಚ್ಚಬಹುದೇ?
— ಗೋಕಾಕ

ಆಗದು. ಅದು ಮೈಲ್ಡ್ ಹೈಬ್ರಿಡ್. ಅದರ ಮೋಟರ್ ಎಂಜಿನ್ನಿಗೆ ಬೆಲ್ಟಿನಿಂದ ಕೈಜೋಡಿಸುತ್ತದೆಯೇ ಹೊರತು ಒಂಟಿಯಾಗಿ ಕಾರನ್ನು ಒಂದು ಮೀಟರೂ ಎಳೆಯದು. ಸ್ಟ್ರಾಂಗ್ ಹೈಬ್ರಿಡ್‌ಗೂ ಚಾರ್ಜಿಂಗ್ ಪೋರ್ಟ್, ಒಳಚಾರ್ಜರ್ ಎರಡೂ ಇಲ್ಲ. ಹೊರಗಿನವರಿಂದ ಮಾಡಿಸಿದರೆ ವಾರಂಟಿ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ದಾಖಲಾಗದ ಮಾರ್ಪಾಡಾದರೆ ವಿಮೆಯವರೂ ಕೈಯೆತ್ತುತ್ತಾರೆ.

ಇವಿ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ವಿನಾಯಿತಿ ಇದೆಯಂತೆ?
— ಇಳಕಲ್

ಇತ್ತು. ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಂ ಅಡಿ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಈಗ ಸಾಲ ಪಡೆಯುವವರಿಗೆ ಇಲ್ಲ.

*

ಹೈಬ್ರಿಡ್ ಕೊಳ್ಳಲು ಕೊಲ್ಹಾಪುರದವರೊಬ್ಬರು ಮುಂದೆ ಬಂದಿದ್ದಾರೆ. ಏನೇನು ಕಾಗದ ಬೇಕು? ವಿಮೆಯ ಬೋನಸ್ ಅವರಿಗೆ ಹೋಗುತ್ತದೆಯೇ?
— ಚಿಕ್ಕೋಡಿ

ಬೋನಸ್ ನಿಮ್ಮದು, ಕಾರಿನದ್ದಲ್ಲ. ಮಾರಿದ ಮೇಲೆ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಪಡೆಯಿರಿ, ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಹೊಸ ಇವಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅರ್ಧ ಉಳಿಯುತ್ತದೆ. ದುಬಾರಿ ಇವಿಗೆ ಇದು ಸಣ್ಣ ಮೊತ್ತವಲ್ಲ, ಆದರೂ ಅನೇಕರು ಕೇಳುವುದನ್ನೇ ಮರೆಯುತ್ತಾರೆ. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಹೈಬ್ರಿಡ್‌ಗೆ ಶೇ 7.5, ಇವಿಗೆ ಶೇ 15 ರಿಯಾಯಿತಿ ಇದೆ. ಹೊಸ ಪಾಲಿಸಿಯಲ್ಲಿ ಕೆಳಗಿನಿಂದ ಕಲ್ಲು ಬಡಿದು ಬ್ಯಾಟರಿ ಪೆಟ್ಟಿಗೆ ನೆಗ್ಗಿದರೆ ಸವಕಳಿ ಕಳೆಯದೇ ಪೂರ್ತಿ ಕೊಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಬೇರೆ ರಾಜ್ಯಕ್ಕೆ ಮಾರುವಾಗ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳ ಜೊತೆ ನಿಮ್ಮ ಆರ್‌ಟಿಒದಿಂದ 28ನೇ ನಮೂನೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಾಲವಿದ್ದರೆ ಮೊದಲು ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಮತ್ತು 35ನೇ ನಮೂನೆ. ಹೆಸರು ಬದಲಾಗುವ ಮೊದಲು ಕಾರು ಗಡಿ ದಾಟಿದರೆ ದಂಡದ ಚೀಟಿಗಳೆಲ್ಲ ನಿಮ್ಮ ಮೊಬೈಲಿಗೇ ಬರುತ್ತವೆ. ಫಾಸ್ಟ್‌ಟ್ಯಾಗ್ ಮುಚ್ಚಿಸಿ, ಹೊಸ ಕಾರಿಗೆ ಅಂಟಿಸಬೇಡಿ.

ಬೆಲೆ ಕುದುರಬೇಕಾದರೆ ಅಧಿಕೃತ ಸರ್ವಿಸ್ ಸೆಂಟರಿನಿಂದ ಹೈಬ್ರಿಡ್ ಬ್ಯಾಟರಿಯ ತಪಾಸಣಾ ವರದಿ ಮುದ್ರಿಸಿಕೊಳ್ಳಿ. ಅದಕ್ಕೆ ಮೊದಲು ಹಿಂದಿನ ಸೀಟಿನ ಬಳಿಯ ಗಾಳಿಕಿಂಡಿಯ ಜಾಳಿಗೆ ತೆಗೆದು ಸ್ವಚ್ಛ ಮಾಡಿಸಿ. ಕಬ್ಬಿನ ಸೀಸನ್ನಿನ ಧೂಳು ಅಲ್ಲಿ ಕೂತು ಬ್ಯಾಟರಿ ಬಿಸಿಯಾಗಿ, ವರದಿ ಕೆಟ್ಟದಾಗಿ ಬರುತ್ತದೆ.

*

ಹೊಸ ಇವಿ ಬಂದು ಒಂದು ತಿಂಗಳು. ಎರಡು ವಾರ ಊರಲ್ಲಿರಲಿಲ್ಲ, ಬಂದು ನೋಡಿದರೆ ಬಾಗಿಲೂ ತೆರೆಯುತ್ತಿಲ್ಲ. ದೊಡ್ಡ ಬ್ಯಾಟರಿ 70 ಇತ್ತು. ಕಾರಣವೇನು?
— ಮುಧೋಳ

12 ವೋಲ್ಟಿನ ಸಣ್ಣ ಬ್ಯಾಟರಿ ಖಾಲಿಯಾಗಿದೆ. ಬಾಗಿಲು, ಕಂಪ್ಯೂಟರ್, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು ಎಲ್ಲ ಓಡುವುದು ಅದರಿಂದ. ಹೈಬ್ರಿಡ್‌ನಲ್ಲೂ ಹೀಗೆಯೇ. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಇದ್ದರೆ ಬಹುಮಟ್ಟಿಗೆ ಅವೇ ಹೀರಿರುತ್ತವೆ. ಕೀಲಿಯೊಳಗಿನ ಲೋಹದ ಕೀಯಿಂದ ಬಾಗಿಲು ತೆರೆದು, ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಕೈಪಿಡಿ ತೋರಿಸಿದ ಬಿಂದುಗಳಿಗೆ ಜಂಪರ್ ಕೇಬಲ್ ಕೊಟ್ಟು ಕಾರು ಎಚ್ಚರಿಸಿ. ನಿಮ್ಮ ಇವಿಯಿಂದ ಬೇರೆ ಕಾರಿಗೆ ಜಂಪ್ ಕೊಡಬೇಡಿ, ಅದರ ಡಿಸಿ ಪರಿವರ್ತಕಕ್ಕೆ ಸ್ಟಾರ್ಟರ್ ಮೋಟರಿನ ಎಳೆತ ತಾಳುವ ಶಕ್ತಿ ಇಲ್ಲ.

ಎದ್ದೇಳದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟರೂ ತಿರುಗಿ ವಿದ್ಯುತ್ ಹುಟ್ಟುತ್ತದೆ, ಇನ್ವರ್ಟರ್ ಸುಡಬಹುದು. ನಾಲ್ಕೂ ಚಕ್ರ ನೆಲ ಬಿಟ್ಟು ಮೇಲೇರುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ. ಕಾರಿನ ಜೊತೆ ಬರುವ ಸಹಾಯವಾಣಿಯ ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲ, ಮನೆಯ ಗೋಡೆಯ ಮೇಲೂ ಬರೆದಿಡಿ.